ಗಾದಿ ಮನಿಯ ಸಮಾಜವಾದ

ರಾಜ್ಯಶಾಸ್ತ್ರ ಕಲಿಸೋ ಮಾಸ್ತರನ ಹಣೇಬರಹ ನೋಡ್ರಿ, ಪಾಠ ಮುಗಿಸಿ ಪುಸ್ತಕ ಮುಚ್ಚಿದ ಮ್ಯಾಲೆನ ಖರೆ ಗದ್ದಲ ಸುರು ಆಗತೈತಿ. ನಮ್ಮದು ಹೊಸಾ ಜಿಲ್ಲಾ ಆಗಿ, ಗದಗಿನ್ಯಾಗ ಏನ್ ಮಾಡಿದ್ರೂ ಅದಕ್ಕ ‘ಜಿಲ್ಲಾ ಮಟ್ಟದ’ ಅಂತ ಹಚ್ಚೂ ಹುರುಪು ಇದ್ದ ಕಾಲ. ನಾ ಲಕ್ಷ್ಮೇಶ್ವರದ ಒಂದು ಕಾಲೇಜಿನ್ಯಾಗ ಇದ್ದೆ. ಜಿಲ್ಲಾ ಮಟ್ಟದ ಚರ್ಚಾಸ್ಪರ್ಧೆಗೆ ವಿಷಯ ಬಂತು: ಸಮಾಜವಾದಿ ರಾಷ್ಟ್ರಗಳದ್ದು ಪ್ರಜಾಪ್ರಭುತ್ವವೋ, ಸರ್ವಾಧಿಕಾರವೋ? ಆ ಒಂದು ಸಾಲು ನನಗ ಏನೇನು ಆಟ ಆಡಿಸ್ತು ಅಂತ ನೆನಿಸಿಕೊಂಡ್ರ ಈಗೂ ನಗು ಬರತೈತಿ.

೧. ಸೋಲೋರಿಲ್ಲದ ಚುನಾವಣಿ

ಮೊದಲನೇ ಗದ್ದಲ ಸ್ಟಾಫ್ ರೂಮಿನ್ಯಾಗ. ನಮ್ಮ ಇತಿಹಾಸದ ಮಾಸ್ತರಿಗೆ ಆ ದೇಶಗಳಂದ್ರ ಪಂಚಪ್ರಾಣ. ನನಗ ಅವರ ಕೂಡ ವಾದಾ ಮಾಡೂದಂದ್ರ ಪಂಚಪ್ರಾಣ.

“ಅಲ್ಲೆ ಎಲ್ಲಾರಿಗೂ ಕೆಲಸ, ಎಲ್ಲಾರಿಗೂ ಸಾಲಿ, ಎಲ್ಲಾರಿಗೂ ದವಾಖಾನಿ. ಜನರ ರಾಜ್ಯ ಅಂದ್ರ ಮತ್ತೇನ್ರಿ?” ಅಂದ್ರು ಅವರು.

“ಎಲ್ಲಾ ಖರೆ. ಆದ್ರ ಚುನಾವಣಿಗೆ ಎಷ್ಟು ಪಕ್ಷ ನಿಲ್ಲತಿದ್ದುವು?”

“ಒಂದ.”

“ಒಂದ ನಿಂತ್ರ ಸೋಲೋರು ಯಾರ್ರಿ?”

ಅವರು ಚಾದ ಕಪ್ಪು ಕೆಳಗಿಟ್ಟು, ನನ್ನ ಹೆಗಲ ಮ್ಯಾಲೆ ಕೈ ಹಾಕಿದ್ರು. “ಯಾರೂ ಸೋಲಂಗಿಲ್ಲ ನೋಡ್ರಿ! ಚುನಾವಣಿ ಮುಗದ ಮ್ಯಾಲೆ ಒಂದು ಮನ್ಯಾಗೂ ಅಳೋರಿಲ್ಲ. ನಿಮ್ಮ ಪ್ರಜಾಪ್ರಭುತ್ವದಾಗ ಅಂಥಾ ಸುಖ ಐತೇನು?”

೨. ಸಂಜಿ ಪಲ್ಯ

ನಮ್ಮ ಕಾಲೇಜಿನಿಂದ ಮಾತಾಡಾಕ ಆರಿಸಿದ್ದು ಕಡೀ ವರ್ಷದ ಒಬ್ಬ ಹುಡುಗಿನ್ನ. ಗಾದಿ ಹೊಲಿಯೋರ ಮನಿ ಮಗಳು. ಬಾಯಿ ಅಂದ್ರ ಬಾಯಿ! ಬಿ.ಎ. ಆದ ಮ್ಯಾಲೆ ಧಾರವಾಡಕ್ಕ ಹೋಗಿ ಎಂ.ಎ. ಮಾಡಬೇಕಂತ ಆಕಿ ಜೀವ ಮಿಡಕತಿತ್ತು. ಆದ್ರ ಆಕಿ ಮನ್ಯಾಗ ಒಂದು ಸೂಜಿ ಬೇಕಾದ್ರೂ ಅಜ್ಜಿ ಹೂಂ ಅನ್ನಬೇಕು. ಧಾರವಾಡದ ಮಾತು ತಗದಾಗೆಲ್ಲಾ ಅಜ್ಜಿ ‘ನೋಡೂನು’ ಅಂತಿದ್ಲಂತ. ಆ ಮನ್ಯಾಗ ‘ನೋಡೂನು’ ಅಂದ್ರ ಮುಗೀತು ಅಂತನ ಅರ್ಥ.

ಗದಗಕ್ಕ ಕರಕೊಂಡು ಹೋಗಾಕ ಒಪ್ಪಿಗಿ ಕೇಳಾಕ ನಾನ ಹೋದೆ. ಪಡಸಾಲಿ ತುಂಬ ಹತ್ತಿ. ಅಜ್ಜಿ ನಡುವ ಕುಂತಿದ್ಲು, ಸುತ್ತ ಮೀಸಿ ಹಣ್ಣಾದ ಮೂರು ಮಂದಿ ಮಕ್ಳು.

“ಕುಂಡ್ರಿ ಮಾಸ್ತರ. ಒಂದ ನಿಮಿಷ, ಇವರನ್ನ ಕೇಳಿ ಮುಗಸ್ತೀನಿ. ಸಂಜಿಗೆ ಪಲ್ಯ ಏನ್ ಮಾಡೂನು?”

ದೊಡ್ಡ ಮಗ ಬದನಿಕಾಯಿ ಅಂದ. ನಡುವಿನಾಂವ, ಹುಡುಗಿ ಅಪ್ಪ, ತತ್ತಿ ಅಂದ. ಸಣ್ಣಾಂವ ಮೆಂತೆಪಲ್ಯ ಅಂದ. ಅಜ್ಜಿ ಮೂವರದೂ ಸಮಾಧಾನದಿಂದ ಕೇಳಿದ್ಲು. ನನಗ ಭಾಳ ಖುಷಿ ಆತು. ಎಷ್ಟು ಚೆಂದ ಎಲ್ಲಾರ ಅಭಿಪ್ರಾಯ ತಗೋತಾರಲ್ಲಾ ಅಂದೆ.

“ಕೇಳಬೇಕ್ರಿ, ಮನಿ ಅಂದ ಮ್ಯಾಲೆ ಕೇಳಬೇಕು,” ಅಂದು ಅಜ್ಜಿ ಒಳಗಿನ ಸೊಸಿಗೆ ಕೂಗಿದ್ಲು. “ಹೆಸರಕಾಳ ಒಲಿ ಮ್ಯಾಲೆ ಇಡವಾ! ನಿನ್ನೆನ ನೆನಿ ಹಾಕೀನಿ.”

ನನ್ನ ಅರ್ಜಿಗೂ ತೀರ್ಪು ಸಿಕ್ತು. “ಗದಗಕ್ಕ ಎಲ್ಲಾರೂ ಬರ್ತೀವಿ. ಆಕಿ ಅಲ್ಲಿ ಏನ್ ಮಾತಾಡತಾಳ ಕೇಳಿ, ಆಮ್ಯಾಲೆ ಧಾರವಾಡದ್ದು ಹೇಳ್ತೀನಿ.”

೩. ಎರಡನೇ ಸಾಲು

ಗದಗಿನ್ಯಾಗ ಚೀಟಿ ಎತ್ತಿದ್ರ ನಮ್ಮ ಹುಡುಗಿಗೆ ‘ಸರ್ವಾಧಿಕಾರ’ ಬಂತು. ನಾ ಬರಸಿದ ಟಿಪ್ಪಣಿ ಇಟಗೊಂಡು ವೇದಿಕಿ ಮ್ಯಾಲೆ ಹೋದ್ಲು. ಅದನ್ನ ಮಡಚಿ ಬದಿಗಿಟ್ಲು.

“ಅಧ್ಯಕ್ಷರೇ, ಸಮಾಜವಾದ ನೋಡಾಕ ವಿಮಾನ ಹತ್ತೂದು ಬ್ಯಾಡ್ರಿ. ನಮ್ಮ ಮನಿಗೆ ಬರ್ರಿ. ದುಡಿಯೋರು ಮೂವರು, ಉಣ್ಣೋರು ಮನಿತುಂಬ. ಯಾರ ತಾಟಿನ್ಯಾಗೂ ಕಡಿಮಿ ಬಿದ್ದಿಲ್ಲ. ಈದ್ ಹಬ್ಬಕ್ಕ ಎಲ್ಲಾರಿಗೂ ಒಂದ ಥಾನಿನ ಅರಿವಿ. ಕಾಕಾನ ಅಂಗಿ, ನನ್ನ ಚೂಡಿದಾರ, ಬಾಗಲದ ಪಡದೆ, ಎಲ್ಲಾ ಒಂದ ಹೂವಿಂದು.”

ಸಭಾ ಹೊಟ್ಟಿ ಹಿಡಕೊಂಡು ನಕ್ಕಿತು. ಆಕಿ ನಗಲಿಲ್ಲ.

“ಬ್ಯಾರೆ ಹೂವಿಂದು ಬೇಕಂತ ಇಲ್ಲಿತನಕ ಯಾರೂ ಕೇಳಿಲ್ರಿ. ಬ್ಯಾಡಾಗಿ ಅಲ್ಲ, ಅಂಜಿ. ಹೊಟ್ಟಿತುಂಬ ಉಣಿಸಿದ ಕೈನ ಬಾಯಿ ಮುಚ್ಚಿಸಿದ್ರ, ಆ ಕೈ ಮ್ಯಾಲೆ ಪ್ರೀತಿನೂ ಇರತೈತ್ರಿ, ಅಂಜಿಕಿನೂ ಇರತೈತ್ರಿ. ಅಂಜಿಕಿ ಇದ್ದಲ್ಲೆ ಪ್ರಜಾಪ್ರಭುತ್ವ ಇರಂಗಿಲ್ರಿ.”

ಚಪ್ಪಾಳಿ ಬಿದ್ದುವು. ನನಗ ಮಾತ್ರ ಕಣ್ಣ ಮುಂದ ಧಾರವಾಡ ಮುಳಗಿಹೋದಂಗಾತು. ನಿರ್ಣಾಯಕರು ಕಣ್ಣೊರಸಿಕೋತ, “ಚಲೋ ಮಾತಾಡಿದಿ ತಂಗಿ. ಆ ಸರ್ವಾಧಿಕಾರಿ ಈಗ ಎಲ್ಲಿದ್ದಾರಮ್ಮಾ?” ಅಂತ ಕೇಳಿದ್ರು.

“ಎರಡನೇ ಸಾಲಿನ್ಯಾಗ ಕುಂತಾರ್ರಿ.”

ಇಡೀ ಸಭಾ ಹೊಳ್ಳಿ ನೋಡ್ತು. ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದು ನಿಂತು, ಎಲ್ಲಾರಿಗೂ ಸಲಾಮ್ ಮಾಡಿದ್ಲು.

೪. ಮುಳಗುಂದ ದಾಟಿದ ಮ್ಯಾಲೆ

ಮೊದಲನೇ ಬಹುಮಾನದ ಶೀಲ್ಡು ತೊಡಿ ಮ್ಯಾಲಿಟಗೊಂಡು ಹುಡುಗಿ ಬಸ್ಸಿನ್ಯಾಗ ಬಿಕ್ಕತಿದ್ಲು. ಮೂರೂ ಮಕ್ಳು ಅಜ್ಜಿ ಮುಂದ ಉಸಿರು ಬಿಡಾಕೂ ಅಂಜಿ ಕುಂತಿದ್ರು. ನಾ ಕಿಟಕಿ ಹೊರಗಿನ ಎರಿ ಹೊಲ ನೋಡಿಕೋತ, ಈ ಹುಡುಗಿ ಬಾಳೇವನ್ನ ನಮ್ಮ ಚರ್ಚಾಸ್ಪರ್ಧೆನ ಹಾಳು ಮಾಡ್ತಲ್ಲಪಾ ಅಂತ ಮರಗತಿದ್ದೆ.

ಮುಳಗುಂದ ದಾಟಿತು. ಅಜ್ಜಿ ಸೀಟಿನ ಸಳಿ ಹಿಡಕೊಂಡು ಎದ್ದು ನಿಂತ್ಲು.

“ಇಲ್ಲಿ ನೋಡ್ರಿಲೇ. ಇವತ್ತಿನಿಂದ ಮನ್ಯಾಗ ಯಾರೂ ಅಂಜೂದು ಬ್ಯಾಡ. ಹುಡುಗಿ ಧಾರವಾಡಕ್ಕ ಹೋಗಬೇಕು ಅನ್ನೋರು ಕೈ ಎತ್ತರಿ.”

ಒಂದು ಕೈನೂ ಏಳಲಿಲ್ಲ. ಹೆತ್ತ ಅಪ್ಪನೂ ತನ್ನ ಅವ್ವನ ಮಾರಿನ ನೋಡಾಕಹತ್ತಿದ್ದ.

“ಯಾಕ, ಕೈ ಇಲ್ಲೇನು?”

“ನೀ ಏನಂತಿ ಅಂತ ಮೊದಲ ಹೇಳಮ್ಮಾ,” ಅಂದ ದೊಡ್ಡ ಮಗ.

ಅಜ್ಜಿ ಸಾವಕಾಶ ತನ್ನ ಬಲಗೈ ಎತ್ತಿದ್ಲು. ಬಸ್ಸು ತಗ್ಗಿನ್ಯಾಗ ಬಿದ್ದು ಜೋಲಿ ಹೊಡೀತು, ಆ ಕೈ ಮಾತ್ರ ಇಳೀಲಿಲ್ಲ. ದಬಾದಬಾ ಮೂರೂ ಮಕ್ಳ ಕೈ ಮ್ಯಾಲೆ ಹೋದುವು. ನನ್ನದೂ ಹೋತು. ಮುಂದಿನ ಸೀಟಿನ ಮಂದಿ ವಿಷಯ ಏನು ಎತ್ತ ಗೊತ್ತಿಲ್ಲದನ ಎತ್ತಿದ್ರು. ಕಂಡಕ್ಟರ್ ಟಿಕೇಟ್ ಕಟ್ಟು ಹಿಡದ ಕೈನ ಎತ್ತಿದ. ಡ್ರೈವರ್ ಕನ್ನಡಿಯಾಗ ಅಜ್ಜಿ ಮಾರಿ ನೋಡಿ, ಸ್ಟೇರಿಂಗ್ ಮ್ಯಾಲಿಂದ ಒಂದು ಕೈ ಎತ್ತಿದ.

ಅಜ್ಜಿ ಬಸ್ಸಿನ ತುಂಬ ಕಣ್ಣಾಡಿಸಿ, ಅಳು ಮರತು ಬಾಯಿ ತಕ್ಕೊಂಡು ಕುಂತಿದ್ದ ಮೊಮ್ಮಗಳ ಕಡೆ ಬಗ್ಗಿದ್ಲು.

“ನೋಡಿದೇನ ಬೇಟಿ, ಇದಕ್ಕ ಪ್ರಜಾಪ್ರಭುತ್ವ ಅಂತಾರ. ಇನ್ನೊಮ್ಮೆ ನನಗ ಸರ್ವಾಧಿಕಾರಿ ಅಂದ್ರ ನೋಡು, ಧಾರವಾಡ ಬಂದ್!”