ಹೋಳಿಗೆ ಉಂಡ ಮೇಲೆ ಹೊರಡಲೇಬೇಕು

ಊರು ಬಿಟ್ಟು ದೂರ ಹೋದವರ ಕಥೆ ಅಂದರೆ ಜನ ಮುಖ ಸಣ್ಣದು ಮಾಡಿಕೊಂಡು ಕೇಳಲು ಕೂಡುತ್ತಾರೆ. ನಮ್ಮದನ್ನು ಹೇಳಲು ಶುರು ಮಾಡಿದರೆ ಅರ್ಧಕ್ಕೇ ನಗುತ್ತಾರೆ. ಅವರ ತಪ್ಪಲ್ಲ. ನಾನು, ನನ್ನ ಹೆಂಡತಿ ಎಲ್ಲಿ ಹೋದರೂ ಒಂದು ಫಜೀತಿ ನಮಗಿಂತ ಮೊದಲೇ ಹೋಗಿ, ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ ಜಾಗ ಹಿಡಿದಿರುತ್ತದೆ. ನಾವೂ ನಗುತ್ತೇವೆ. ನಕ್ಕು ಮುಗಿದ ಮೇಲೆ, ಹೋಗಬಾರದಿತ್ತು ಅಂತ ಅನಿಸುತ್ತದೆ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಮಶೀನಿನ ಜೋಡಿ

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ನಾನು ಫಿಟ್ಟರ್ ಆಗಿದ್ದೆ. ಅಕ್ಕಿ ಪಾಲಿಶ್ ಮಾಡುವ ಹಳೇ ಮಶೀನೊಂದು ನನ್ನ ಪಾಲಿಗಿತ್ತು. ಸಾವ್ಕಾರರು ಹೊಸದನ್ನು ತರಿಸುವ ಮನಸ್ಸು ಮಾಡಿ, ಹಳೆಯದನ್ನು ಅಸ್ಸಾಮಿನ ಮಿಲ್ಲೊಂದಕ್ಕೆ ಮಾರಿದರು. ಕೊಂಡವರು ಇದನ್ನು ನಡೆಸುವವನನ್ನೂ ಕಳಿಸಿಕೊಡಿ ಅಂದರಂತೆ.

ಸಾವ್ಕಾರರು ನನ್ನನ್ನು ಕರೆದು, "ಹೊಸಾ ಮಶೀನಿಗೆ ಕಂಪನಿ ಮಂದಿ ಬರ್ತಾರಪಾ. ಹಳೇದರ ಜೋಡಿ ನೀ ಹೋಗು. ಒಂದ ವರ್ಷ. ಪಗಾರ ಛಲೋ ಐತಿ" ಅಂದರು.

ಮನೆಗೆ ಬಂದು ಹೇಳಿದೆ. ಹೆಂಡತಿ ಒಲೆ ಮುಂದೆ ಕೂತಿದ್ದಳು.

"ಅಸ್ಸಾಂ ಅಂದ್ರ ಎಲ್ಲಿ ಬರ್ತೈತ್ರಿ?"

"ಸಿಂಧನೂರು ದಾಟಿ ಹೋಗಬೇಕು."

"ದಾಟಿ ಎಷ್ಟು ದೂರ?"

"ರೈಲಿನಾಗ ಮೂರು ದಿನ."

ಒಲೆಯ ಕಟ್ಟಿಗೆ ಮುಂದೆ ತಳ್ಳಿದಳು. ಆಮೇಲೆ ಕೇಳಿದಳು: "ಅಲ್ರಿ, ಮಶೀನು ಮಾರ್ಯಾರ. ಮಶೀನಿನ ಜೋಡಿ ನೀವು ಹೊಂಟೀರಿ, ನಿಮ್ಮ ಜೋಡಿ ನಾನು. ನಮಗ ಬ್ಯಾರೆ ರೊಕ್ಕ ಹಿಡದಾರೋ, ಮಶೀನಿನಾಗ ಮುಗಿಸ್ಯಾರೋ?"

ಉಂಡರು, ಹೊರಡಲಿಲ್ಲ

ನಮ್ಮ ಓಣಿಯಲ್ಲಿ ಯಾರಾದರೂ ದೂರ ಹೊರಟರೆ ಪ್ರತಿ ಮನೆಯವರೂ ಊಟಕ್ಕೆ ಕರೆಯುತ್ತಾರೆ. ಕರೆದಾಗ ಹೋಗಲೇಬೇಕು, ಉಣ್ಣಲೇಬೇಕು. ಉಂಡ ಮೇಲೆ ಹೆಂಗಸಿಗೆ ಉಡಿ ತುಂಬುತ್ತಾರೆ. ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಬಟ್ಟೆ. ಅಲ್ಲಿಗೆ ಬೀಳ್ಕೊಟ್ಟಂತೆ.

ಮೂಲೆ ಮನೆಯ ಅಕ್ಕಾರು ಹೋಳಿಗೆ ಮಾಡಿದರು. ಎದುರು ಮನೆಯ ಖಾಲಾ ಮಾಂಸ ತಿನ್ನದ ನಮಗೆಂದೇ ಬೇರೆ ಪಾತ್ರೆಯಲ್ಲಿ ಮೆಂತ್ಯ ಸೊಪ್ಪಿನ ಅನ್ನ ಮಾಡಿ, ಹೆಂಡತಿಯ ಕೈಗೆ ಹಸಿರು ಬಳೆ ತೊಡಿಸಿ ಕಣ್ಣೊರೆಸಿಕೊಂಡರು. ಓಣಿಯ ಇನ್ನುಳಿದವರೂ ಒಬ್ಬರಿಗಿಂತ ಒಬ್ಬರು ಹೆಚ್ಚು ಬಡಿಸಿದರು. ಹೋಳಿಗೆ ಒಲ್ಲೆ ಅಂದರೆ, "ಅಲ್ಲಿ ಯಾರು ಮಾಡಿ ಹಾಕ್ತಾರ?" ಅನ್ನುವ ಒಂದೇ ಮಾತಿಗೆ ಬಾಯಿ ಮುಚ್ಚಿ ಉಣ್ಣಬೇಕಾಗುತ್ತಿತ್ತು. ಎಲ್ಲರ ಮನೆಯ ಊಟ ಮುಗಿದ ಮರುದಿನ ಅಸ್ಸಾಮಿನಿಂದ ಫೋನು ಬಂತು. ಅಲ್ಲಿ ನೆರೆ ಬಂದಿದೆ, ಮಶೀನು ಕೂಡಿಸುವ ಶೆಡ್ಡೇ ನೀರಿನಲ್ಲಿದೆ, ನಾವು ಹೇಳುವವರೆಗೆ ಹೊರಡಬೇಡಿ ಅಂದರು.

ಇತ್ತ ಬೀಳ್ಕೊಡುಗೆಯೆಲ್ಲ ಹೊಟ್ಟೆಗೆ ಹೋಗಿದೆ. ಈಗ ಓಣಿಯಲ್ಲಿ ಹೇಗೆ ಮುಖ ತೋರಿಸುವುದು? ಕಿಟಕಿ ಹಾಕಿಕೊಂಡು ಕೂತೆವು. ಕಾಯಿಪಲ್ಯ ತರಲು ನಾನು ಬೇರೆ ಓಣಿಯಿಂದ ಸುತ್ತು ಹಾಕಿ ಹೋಗುತ್ತಿದ್ದೆ. ಒಂದು ದಿನ ಚೀಲ ಹಿಡಿದು ಬೆಕ್ಕಿನ ಹಾಗೆ ಬರುವಾಗ ಮೂಲೆ ಮನೆಯ ಅಕ್ಕಾರ ಕೈಗೆ ಸಿಕ್ಕಿಬಿದ್ದೆ.

"ಯಾಕ್ರೀ, ಹೋಳಿಗಿ ಅರಗಿ ಹೋತೇನು? ಇನ್ನೊಮ್ಮಿ ಮಾಡ್ಲೇನು, ಹೋಗಾಕ?"

ಸಂಜೆಯೊಳಗೆ ಇದು ಓಣಿ ತುಂಬ ಹರಡಿತು. ಚಿಕ್ಕವರು ದೊಡ್ಡವರು ಎಲ್ಲರೂ ನಮ್ಮನ್ನು ಕಂಡರೆ, "ಊಟ ಸಾಕಾಗಿಲ್ಲಂತ" ಅಂತ ಕಿಚಾಯಿಸತೊಡಗಿದರು. ಹೆಂಡತಿಗೆ ಅವಮಾನವೋ ಅವಮಾನ. ನೆರೆ ಇಳಿಯಿತು ಅಂತ ಫೋನು ಬಂದ ದಿನ ಬೆಳಗಿನ ಮೊದಲ ಬಸ್ಸಿಗೇ, ಯಾರಿಗೂ ಹೇಳದೆ ಹೊರಟುಬಿಟ್ಟೆವು. ಅಷ್ಟೆಲ್ಲ ಉಣ್ಣಿಸಿದವರ ಮುಖ ಒಮ್ಮೆ ನೋಡಿ ಬರಬೇಕಿತ್ತು. ಆಮೇಲೆ ಖಾಲಾ ಫೋನಿನಲ್ಲಿ ಅಂದರು: "ಉಂಡಾಗ ಹೋಗಲಿಲ್ಲ, ಉಪಾಸ ಹೋದ್ರಿ. ನಿಮ್ಮಂಥವರನ್ನ ನಾ ನೋಡೇ ಇಲ್ಲ."

ಸಂಜೆಯ ಹೊಡೆತ

ಅಸ್ಸಾಮಿನಲ್ಲಿ ಸಿಕ್ಕ ಬಾಡಿಗೆ ಮನೆಗೆ ತಗಡಿನ ಚಾವಣಿ. ನಮ್ಮ ಅಡುಗೆ ಮನೆಗೂ ಮಾಲಕಿಯ ಮನೆಗೂ ನಡುವೆ ಬಿದಿರಿನ ತೆಳು ಗೋಡೆ. ಹೆಂಡತಿ ಊರಿಂದ ಎರಡು ಚೀಲ ಜೋಳದ ಹಿಟ್ಟು ಹೊತ್ತು ತಂದಿದ್ದಳು. ನಾನು ಮಿಲ್ಲಿನಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ರೊಟ್ಟಿ ಬಡಿಯಲು ಶುರು ಮಾಡುತ್ತಿದ್ದಳು. ಪಟಪಟ, ಪಟಪಟ.

ಬಂದ ಹೊಸತರಲ್ಲಿ ಮಾಲಕಿ ನನ್ನನ್ನು ಕಂಡರೆ ಮುಖ ತಿರುಗಿಸತೊಡಗಿದರು. ಅಂಗಡಿಯವನೂ ಒಂದು ತರಹ ನೋಡುತ್ತಿದ್ದ. ಹೊರಗಿನವರು ಅಂತ ಹಾಗಿರಬೇಕು ಅಂದುಕೊಂಡೆ. ಒಂದು ಸಂಜೆ ಬಾಗಿಲು ಧಡಧಡ ಬಡಿದ ಸದ್ದು. ತೆರೆದರೆ ಮಾಲಕಿ, ಅವರ ಹಿಂದೆ ಕೇರಿಯ ಹೆಂಗಸರು, ಒಬ್ಬರ ಕೈಯಲ್ಲಿ ಕೋಲು ಬೇರೆ. ನನ್ನನ್ನು ಪಕ್ಕಕ್ಕೆ ತಳ್ಳಿ ನೆಟ್ಟಗೆ ಅಡುಗೆ ಮನೆಗೆ ನುಗ್ಗಿದರು. ಮಾಲಕಿ ಹೆಂಡತಿಯ ಕೈ ಹಿಡಿದು ತಿರುಗಿಸಿ ನೋಡಿದರು. ಅಂಗೈ ಕೆಂಪಗಾಗಿತ್ತು. ಗಂಡ ಮನೆಗೆ ಬಂದ ಕೂಡಲೇ ದಿನಾ ಈ ಹೊಡೆತ, ಪಾಪದ ಹೆಂಗಸು ಕೈ ಅಡ್ಡ ಹಿಡಿದು ತಡೆದುಕೊಳ್ಳುತ್ತಿದ್ದಾಳೆ ಅಂತ ಅವರ ಲೆಕ್ಕ.

ಹಿಂದಿ ಬಾರದ ಹೆಂಡತಿ ನನ್ನ ಮುಖ ನೋಡಿದಳು. ನಾನು ಕೋಲು ನೋಡುತ್ತಿದ್ದೆ. ಕೊನೆಗೆ ಅವಳೇ ಮತ್ತೆ ಕೂತು, ರೊಟ್ಟಿ ತಟ್ಟುವ ಕೊಣಮಿಗೆಯ ಮೇಲೆ ಅರ್ಧ ಬಡಿದಿಟ್ಟಿದ್ದ ರೊಟ್ಟಿಯನ್ನು ಪಟಪಟ ಬಡಿದು ತೋರಿಸಿದಳು. ಕೋಲು ಹಿಡಿದವರೇ ಮೊದಲು ನಕ್ಕಿದ್ದು. ಆಮೇಲೆ ಎಲ್ಲರೂ ಅಲ್ಲೇ ಕೂತು ಬಿಸಿ ರೊಟ್ಟಿ ತಿಂದರು.

ಅವತ್ತು ಮಲಗುವಾಗ ಹೆಂಡತಿ ಅಂದಳು: "ನಮ್ಮ ಓಣ್ಯಾಗ ಸಂಜಿ ಆದ್ರ ಎಲ್ಲಾ ಮನಿಯಾಗೂ ಈ ಸಪ್ಪಳ. ಅದಕ್ಕ ಯಾರಿಗೂ ಕೇಳ್ಸೂದಿಲ್ಲ. ಇಲ್ಲಿ ನಂದೊಂದ."

ಮಾಲಕಿಯ ಯಜಮಾನರು ಮಾತ್ರ ಈಗಲೂ ಬಿಡುವುದಿಲ್ಲ. ಅಡುಗೆ ತಡವಾದರೆ ಗೋಡೆಯಾಚೆಯಿಂದ ಕೂಗಿ, ಇವತ್ತು ಹೊಡೆದಾಟ ಇಲ್ಲವೇ ಅಂತ ಕೇಳುತ್ತಾರೆ.

ಎರಡು ದೊಡ್ಡ ಹಕ್ಕಿ

ಹಿಟ್ಟು ಮುಗಿಯಿತು. ಜೋಳ ಹುಡುಕಿಕೊಂಡು ಕಿರಾಣಿ ಅಂಗಡಿಗಳನ್ನೆಲ್ಲ ಅಲೆದೆ. ಜೋಳ ಅಂದರೆ ಗೊತ್ತೇ ಇಲ್ಲ ಅಂದರು. ಕೊನೆಗೆ ಗಿಳಿ, ಪಾರಿವಾಳ ಮಾರುವ ಅಂಗಡಿಯ ಮುಂದೆ ಹಾಯುವಾಗ ನಿಂತೆ. ಪಂಜರಗಳ ಕೆಳಗೆ ಚೀಲದ ಬಾಯಿ ತೆರೆದಿಟ್ಟಿದ್ದರು. ಒಳಗೆ ಬಿಳಿ ಜೋಳ, ಮುತ್ತಿನಂಥದು. ಊರಿನವರು ಯಾರೋ ಸಿಕ್ಕಷ್ಟು ಸಂತೋಷವಾಯಿತು.

ಇಡೀ ಚೀಲ ಕೊಡು ಅಂದೆ. ಅಂಗಡಿಯವನಿಗೆ ಆಶ್ಚರ್ಯ. ಮುರುಕು ಹಿಂದಿಯಲ್ಲಿ ಮಾತು ಹೀಗೆ ನಡೆಯಿತು.

"ಎಷ್ಟು ಹಕ್ಕಿ ಸಾಕಿದ್ದೀರಿ?"

ನಾವು ತಿನ್ನುತ್ತೇವೆ ಅನ್ನಲು ನಾಚಿಕೆಯಾಯಿತು. "ಎರಡು" ಅಂದೆ.

"ಎರಡಕ್ಕೆ ಇಷ್ಟೊಂದಾ?"

"ದೊಡ್ಡ ಹಕ್ಕಿ."

"ಯಾವ ಜಾತಿ?"

"ನಮ್ಮ ಕಡೆಯವು."

ಆಮೇಲಿನ ಸಲ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಅವನು ಬಹಳ ಕಾಳಜಿಯಿಂದ, ಹಕ್ಕಿಗಳು ಹೇಗಿವೆ, ಇಲ್ಲಿಯ ಹವಾ ಒಗ್ಗಿತೇ ಅಂತ ಕೇಳಿದ. ನಾನು ಹೆಂಡತಿಗೆ ಅರ್ಥ ಹೇಳಿದೆ. ಅವಳು ಪಂಜರದ ಕಡೆ ನೋಡುತ್ತ ಅಂದಳು: "ಗಂಡು ಹಕ್ಕಿಗೆ ಒಗ್ಗೇತಿ ಅಂತ ಹೇಳ್ರಿ. ಹೆಣ್ಣು ಹಕ್ಕಿಯನ್ನ ಯಾರೂ ಕೇಳಿಲ್ಲ."

ಮತ್ತೆ ಹೋಳಿಗೆ

ಒಂದು ವರ್ಷ ಅಂದದ್ದು ಎಳೆದಷ್ಟೂ ಉದ್ದವಾಯಿತು. ಈ ಹಂಗಾಮು ಮುಗಿಸಿ ಹೋಗು, ಆ ಹಂಗಾಮು ಮುಗಿಸಿ ಹೋಗು ಅಂತ ಅಲ್ಲಿಯ ಧಣಿ ತಡೆಯುತ್ತಲೇ ಇದ್ದರು. ಖಾಲಾರ ಮಗಳ ಮದುವೆಯನ್ನು ನಾವು ವಿಡಿಯೊ ಕಾಲಿನಲ್ಲಿ ನೋಡಿದೆವು. ಮದುಮಗಳಿಗಿಂತ ಅಡುಗೆಯವನ ಬೆನ್ನೇ ಹೆಚ್ಚು ಕಂಡಿತು. ಹೆಂಡತಿ ಆ ಬೆನ್ನನ್ನು ನೋಡಿಯೇ ಅತ್ತಳು.

ಕಡೆಗೆ ನಮ್ಮೂರ ಹತ್ತಿರದ ಕಾರಟಗಿಯ ಮಿಲ್ಲಿನವರೊಬ್ಬರು ಫೋನಿನಲ್ಲಿ, "ಬಾ, ಕೆಲಸ ಐತಿ" ಅಂದರು. ರಜೆ ಹಾಕಿ ಇಬ್ಬರೂ ಹೊರಟೆವು. ಅಸ್ಸಾಮಿಗೆ ತಿರುಗಿ ಹೋಗುವ ಟಿಕೆಟ್ಟು ಇತ್ತು, ಮನಸ್ಸಿರಲಿಲ್ಲ. ರೈಲಿನಲ್ಲಿ ಹೆಂಡತಿ ಒಂದು ಷರತ್ತು ಹಾಕಿದಳು.

"ನಾವಾಗಿ ಇರ್ತೀವಿ ಅನ್ನೂದು ಬ್ಯಾಡ. ಅಲ್ಲಿ ನಡೀಲಿಲ್ಲ, ಓಡಿ ಬಂದ್ರು ಅಂತಾರ. ಓಣ್ಯಾಗ ಯಾರರ ಒಬ್ಬರು, ಇದ್ದಬಿಡ್ರಿ ಅಂದ್ರ ಸಾಕು. ಇದ್ದಬಿಡೂಣು."

ಬಾಯಿ ತುಂಬ ಮಾತಾಡುವ ಓಣಿ, ಇಷ್ಟು ಅನ್ನುವುದಿಲ್ಲವೇ ಅಂದುಕೊಂಡೆ.

ಓಣಿಯಲ್ಲಿ ಕಾಲಿಟ್ಟ ಕೂಡಲೇ ಮೂಲೆ ಮನೆಯ ಅಕ್ಕಾರು, "ಯಾವಾಗ ಬಂದ್ರಿ?" ಅಂದರು. ಅದರ ಬೆನ್ನಿಗೇ, "ಯಾವಾಗ ಹೊಂಟೀರಿ?" ಅಂದರು. ನಾನು ಟಿಕೆಟ್ಟಿನ ದಿನ ಹೇಳಿದೆ. ಅಷ್ಟೇ, ಊಟದ ಕರೆಗಳು ಶುರುವಾದವು. ಅವತ್ತೇ ಅಕ್ಕಾರ ಮನೆಯ ಹೋಳಿಗೆ. ಮರುದಿನ ಪಕ್ಕದವರದು. ಪ್ರತಿ ಮನೆಯಲ್ಲೂ ಕೈ ತೊಳೆಯುವಾಗ ಹೆಂಡತಿ ನನ್ನ ಕಡೆ ನೋಡುವಳು. ಈಗ ಅಂದಾರು, ಈಗ ಅಂದಾರು ಅಂತ ನಾನೂ ಕಾಯುವೆ. ಅವರೋ ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದು ಉಡಿ ತುಂಬುವರು. "ನಮ್ಮ ಓಣಿಯವರು ಅಷ್ಟು ದೂರ ಅದಾರ" ಅಂತ ಬಂದವರ ಮುಂದೆಲ್ಲ ಹೆಮ್ಮೆಯಿಂದ ಹೇಳುವರು. ಇದ್ದುಬಿಡಿ ಅಂತ ಒಬ್ಬರೂ ಅನ್ನಲಿಲ್ಲ.

"ಈಗರ ನೀವ ಹೇಳ್ರಿ" ಅಂದಳು ಹೆಂಡತಿ, ಹೊರಡುವ ಹಿಂದಿನ ದಿನ.

"ಹೆಂಗ ಹೇಳ್ಲಿ? ಎಲ್ಲಾರ ಮನಿ ಊಟ ಆಗೇತಿ. ಮತ್ತ ಉಂಡು ಕುಂತ್ರು ಅಂತಾರ."

ಹೋದ ಸಲದ ನೆನಪಾಗಿ ಅವಳೂ ಚೀಲ ಕಟ್ಟತೊಡಗಿದಳು.

ಹೊಸಪೇಟೆ ಬಸ್ಸು ಹತ್ತಿಸಲು ಓಣಿಗೆ ಓಣಿಯೇ ಬಸ್ ಸ್ಟ್ಯಾಂಡಿಗೆ ಬಂತು. ನಾವು ಹತ್ತಿ ಕೂತೆವು. ಕಂಡಕ್ಟರ್ ಸೀಟಿ ಊದುವ ಹೊತ್ತಿಗೆ ಖಾಲಾ ಕಿಟಕಿಯಲ್ಲಿ ಒಂದು ಗಂಟು ತೂರಿಸಿ, ಮುಸುಕಿನಿಂದ ಮೂಗು ಒರೆಸಿಕೊಳ್ಳುತ್ತ ಅಂದರು:

"ಖರೇನ ಹೊಂಟ್ರೇನು ಬೇಟಾ? ಹೋದ ಸಲ ಊಟ ಹಾಕಿದ್ರ ನೀವು ಹೋಗಲಿಲ್ಲ. ಹಂಗ ಈ ಸಲನೂ ಉಳಕೊಳ್ಳಿ ಅಂತ ಎಲ್ಲಾರೂ ಕೂಡಿ ಮಾತಾಡಿಕೊಂಡು ಊಟ ಹಾಕಿದ್ವಿ. ಉಂಡ ಮ್ಯಾಲೆ ಇವರು ಹೋಗೂದಿಲ್ಲ ಬಿಡು ಅಂತ ಅಕ್ಕಾರ ಅಂದಿದ್ರು."

ಅಕ್ಕಾರು ಕೆಳಗೆ ನಿಂತು ಬೇರೆ ಕಡೆ ನೋಡುತ್ತಿದ್ದರು.

ಬಸ್ಸು ಹೊರಟಿತು. ನಿಲ್ಲಿಸಿ ಅನ್ನಬೇಕು ಅಂತ ಏಳುವಷ್ಟರಲ್ಲಿ, ಉಂಡು ಬಸ್ಸೂ ಹತ್ತಿ ಇಳಿದರು ಅನ್ನಿಸಿಕೊಳ್ಳುವುದು ನೆನಪಾಗಿ ಮತ್ತೆ ಕೂತೆ. ಊರು ದಾಟಿ ಗದ್ದೆಗಳು ಶುರುವಾದವು. ಹೆಂಡತಿ ತೊಡೆಯ ಮೇಲೆ ಉಡಿಯ ಗಂಟುಗಳನ್ನು ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು:

"ಮುಂದಿನ ಸಲ ಬಂದಾಗ ಯಾರ ಮನಿಯಾಗೂ ಒಂದು ತುತ್ತು ಉಣ್ಣೂದು ಬ್ಯಾಡ್ರಿ."

ಹಾಗನ್ನುತ್ತಲೇ ಖಾಲಾ ಕೊಟ್ಟ ಗಂಟು ಬಿಚ್ಚಿದಳು. ಮೆಂತ್ಯ ಸೊಪ್ಪಿನ ಅನ್ನ ಇನ್ನೂ ಬಿಸಿಯಾಗಿತ್ತು. ಇಬ್ಬರೂ ಉಂಡೆವು.