ಪೈಲಟಣ್ಣನ ಎಂಜಿನ್ ಕಾರ್ಖಾನೆ

ವಿದ್ಯಾನಗರದಲ್ಲಿ ನನ್ನದೊಂದು ಮಿಕ್ಸಿ, ಗ್ರೈಂಡರ್, ಫ್ಯಾನ್ ರಿಪೇರಿ ಅಂಗಡಿ ಉಂಟು. ಮಿಕ್ಸಿ ಬಿಚ್ಚಿ ಕೂರುವವನ ಬದುಕಿನಲ್ಲಿ ನಗುವಂಥದ್ದು ಎಂತ ನಡೆದೀತು ಅಂತ ನೀವು ಕೇಳಬಹುದು. ಪೈಲಟಣ್ಣ ಅಂಗಡಿಯ ಮೆಟ್ಟಿಲು ಹತ್ತುವವರೆಗೆ ಏನೂ ನಡೆದಿರಲಿಲ್ಲ. ಅವರು ಹತ್ತಿದ ಮೇಲೆ ತಿಂಗಳಿಗೊಂದಾದರೂ ನಡೆಯುತ್ತದೆ. ನಡೆಯದ ತಿಂಗಳು ನನಗೇ ಏನೋ ಕಳಕೊಂಡ ಹಾಗೆ ಆಗುತ್ತದೆ.

ಪೈಲಟಣ್ಣ ಅಂದರೆ ವಿಮಾನದವರಲ್ಲ. ಮಧೂರಿನವರು, ರೈಲಿನ ಎಂಜಿನ್ ಓಡಿಸುವ ಲೋಕೋ ಪೈಲಟ್ ಆಗಿದ್ದು ರಿಟೈರ್ ಆದವರು. ಸರ್ವಿಸ್ ಪೂರ್ತಿ ಡೀಸೆಲ್ಲೇ. ನಮ್ಮ ಲೈನಿಗೆ ಕರೆಂಟು ಬಂದಾಗ ಇವರೂ ಎಲೆಕ್ಟ್ರಿಕ್ ಎಂಜಿನಿನ ತರಬೇತಿ ಮುಗಿಸಿ ಬಂದರು. ಡ್ಯೂಟಿ ಸಿಗುವ ಮೊದಲೇ ರಿಟೈರ್ಮೆಂಟ್ ಬಂತು. ಒಂದೇ ಒಂದು ರೈಲನ್ನೂ ಎಲೆಕ್ಟ್ರಿಕ್ಕಿನಲ್ಲಿ ಸ್ವಂತ ಎಳೆಯಲಿಲ್ಲವಲ್ಲ ಎಂಬ ಸಂಕಟ ಅವರ ಹೊಟ್ಟೆಯಲ್ಲಿ ಉಳಿಯಿತು. ಸರಿ, ಕೊಡದಿದ್ದರೆ ತಾನೇ ಮಾಡಿಕೊಳ್ಳುವುದು ಅಂತ ಎಂಜಿನಿನ ಮಾದರಿ ಕಟ್ಟಲು ಕೂತರು. ಮೋಟರು ಒದಗಿಸುವ ಕೆಲಸ ನನ್ನ ತಲೆಗೆ ಬಂತು.

"ಅಣ್ಣ, ನಿಮಗೆ ಬೇಕಾದ್ದು ಎಲೆಕ್ಟ್ರಿಕ್ ಅಲ್ವಾ? ಮೊದಲು ಅದನ್ನೇ ಮಾಡಿ" ಅಂದೆ.

"ಹಾಗೆ ಹಾರಿ ಹೋಗ್ಲಿಕ್ಕೆ ಆಗುದಿಲ್ಲ ಮಾರಾಯ. ನನ್ನ ಸರ್ವಿಸಿನಲ್ಲಿ ಎಂಜಿನುಗಳು ಬಂದದ್ದು ಯಾವ ಕ್ರಮದಲ್ಲಿ, ಅದೇ ಕ್ರಮದಲ್ಲಿ ನಾನೂ ಬರ್ತೇನೆ. ಮೊದಲು ಹಳೇ ಡೀಸೆಲ್, ಮತ್ತೆ ಹೊಸ ಡೀಸೆಲ್, ಮತ್ತೆ ಎಲೆಕ್ಟ್ರಿಕ್."

ಒಂದು: ಹೊಗೆ

ಹಳೇ ಡೀಸೆಲ್ ಅಂದರೆ ಆ ಉದ್ದ ಮೂಗಿನದ್ದು. ಬಿಸ್ಕತ್ತಿನ ಡಬ್ಬದ ತಗಡಿನಲ್ಲಿ ಅವರು ಅದರ ಮೈ ಕಟ್ಟಿದ್ದನ್ನು ನಾನು ಭೂತಕನ್ನಡಿ ಹಿಡಿದು ನೋಡಿದೆ. ಬಾಗಿಲಿನ ಚಿಲಕ ಕೂಡ ತಿರುಗುತ್ತಿತ್ತು! ಇಪ್ಪತ್ತು ವರ್ಷದಿಂದ ಬೆಸುಗೆ ಹಾಕುವವ ನಾನು, ನನಗೆ ಅಂಥದ್ದು ಜನ್ಮದಲ್ಲಿ ಬರಲಿಕ್ಕಿಲ್ಲ. ಆದರೆ ಅವರಿಗೆ ಮಾತ್ರ ಸಮಾಧಾನವಿಲ್ಲ.

"ಹೊರಡುವಾಗ ಭುಸ್ಸಂತ ಹೊಗೆ ಬಿಡದಿದ್ದರೆ ಅದು ಆ ಎಂಜಿನೇ ಅಲ್ಲ."

ಹತ್ತಿಗೆ ಹರಳೆಣ್ಣೆ ಹಾಕಿ ಸುಟ್ಟು ನೋಡಿದರು. ಪಕ್ಕದ ಮನೆಯವರು ಕೊಡಪಾನದಲ್ಲಿ ನೀರು ಹಿಡಿದು ಓಡಿ ಬಂದರು. ಕೊನೆಗೆ ಎಂಜಿನಿನ ಹೊಟ್ಟೆಯೊಳಗೆ ಕೆಂಡ ಇಟ್ಟು ಸಾಂಬ್ರಾಣಿ ಹಾಕಿದರು. ಆಹಾ, ಎಂಥ ಹೊಗೆ! ಸಾಂಬ್ರಾಣಿಯ ಡಬ್ಬ ಇರುವುದು ದೇವರ ಕೋಣೆಯಲ್ಲಿ, ಹಾಗಾಗಿ ಹಳಿಯೂ ಅಲ್ಲಿಂದಲೇ ಶುರುವಾಗಿ ಚಾವಡಿಗೆ ಹೋಗಿ ತಿರುಗಿ ಬರುತ್ತಿತ್ತು.

ಅತ್ತಿಗೆ, ಅಂದರೆ ಪೈಲಟಣ್ಣನ ಹೆಂಡತಿ, ನನಗೆ ಚಹಾ ಕೊಡುತ್ತಾ ಹೇಳಿದರು: "ಇಷ್ಟು ವರ್ಷದಲ್ಲಿ ಇವರು ಒಂದು ದಿನ ಹೊತ್ತಿಗೆ ಸರಿಯಾಗಿ ದೇವರ ಕೋಣೆಗೆ ಬಂದವರಲ್ಲ. ಎಂಜಿನು ಪಾಪ, ದಿನಾ ಸಂಜೆ ಆರಕ್ಕೆ ಸರಿಯಾಗಿ ಬರ್ತದೆ."

ಎರಡು: ಮೂರನೇ ನಂಬರು

ಹೊಸ ಡೀಸೆಲ್ಲಿಗೆ ಹೆಚ್ಚು ಶಕ್ತಿ ಬೇಕು ಅಂದರು. ನನ್ನ ಬುದ್ಧಿಗೆ ಎಂತ ಹೇಳುವುದು, ಮಿಕ್ಸಿಯ ಮೋಟರು ಕೊಟ್ಟೆ.

"ನಿಜದ ಎಂಜಿನಿಗೆ ಎಂಟು ನಾಚ್ ಉಂಟು, ವೇಗ ಒಂದೊಂದೇ ಮೆಟ್ಟಿಲು ಏರಬೇಕು" ಅಂದರು.

"ಇದಕ್ಕೆ ಮೂರು ನಂಬರು ಉಂಟಲ್ಲ ಅಣ್ಣ, ಸಾಕು" ಅಂದೆ.

ಒಂದನೇ ನಂಬರಿಗೆ ಎಂಜಿನು ನಡುಗಿತು. ಎರಡಕ್ಕೆ ಕಿರುಚಿತು. ಮೂರಕ್ಕೆ ತಿರುಗಿಸಿದೆ ನೋಡಿ, ಹಳಿಯ ತಿರುವು ಅದಕ್ಕೆ ಕಾಣಲೇ ಇಲ್ಲ! ವಯರು ಕಿತ್ತುಕೊಂಡು, ಚಾವಡಿ ದಾಟಿ, ಅಂಗಳಕ್ಕೆ ಹಾರಿ, ತಗ್ಗಿನಲ್ಲಿದ್ದ ಪಕ್ಕದ ಮನೆಗೆ ಉರುಳಿ ಹೋಯಿತು.

ಪಕ್ಕದವರು ಗಲ್ಫಿನಲ್ಲಿದ್ದು ಬಂದ ಬ್ಯಾರಿ ಸಾಹೇಬರು. ಎಂಜಿನನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು ಕೇಳಿದರು: "ಎಂತ ಪೈಲಟ್ರೇ, ನಿಮ್ಮ ರೈಲಿಗೆ ನಮ್ಮಲ್ಲಿ ಸ್ಟಾಪ್ ಉಂಟಾ?"

ಪೈಲಟಣ್ಣ ಮುಖ ಕದಲಿಸದೆ, "ಟೆಕ್ನಿಕಲ್ ಸ್ಟಾಪ್ ಸಾಹೇಬ್ರೇ. ಹತ್ತುದು ಇಳಿಯುದು ಇಲ್ಲ" ಅಂದರು.

ನನಗೆ ಒಂದು ಮಾತೂ ಬಯ್ಯಲಿಲ್ಲ. ಬ್ಯಾಟರಿಯ ಸಣ್ಣ ಮೋಟರು ತಕೊಂಡು, ಎರಡು ತಿಂಗಳು ಅರ ಹಿಡಿದು ಗಿಯರುಗಳನ್ನು ತಾವೇ ಉಜ್ಜಿದರು. ಎಂಟು ನಾಚೂ ಬಂತು. ಆ ಡೀಸೆಲ್ ಇಂದಿಗೂ ಬೆಣ್ಣೆಯ ಹಾಗೆ ಓಡುತ್ತದೆ.

ಮೂರು: ಮೇಲೆ ಎಂತ ಉಂಟು

ಕೊನೆಗೆ ಎಲೆಕ್ಟ್ರಿಕ್ಕಿಗೆ ಬಂದರು. ಆಟಿಕೆಯ ರೈಲುಗಳಲ್ಲಿ ಕರೆಂಟನ್ನು ಹಳಿಯಿಂದಲೇ ಕೊಟ್ಟು, ಮೇಲಿನ ತಂತಿಯನ್ನು ಚಂದಕ್ಕೆ ಕಟ್ಟುವುದುಂಟು. ಇವರು ಒಪ್ಪಬೇಕಲ್ಲ! ಎಂಜಿನು ತಲೆಯ ಮೇಲಿನ ತಂತಿಯಿಂದಲೇ ಕರೆಂಟು ಎಳೆಯಬೇಕು. ತಂತಿಗೆ ಒರಗುವ ಆ ಮಡಚುವ ಕೈಯನ್ನು ಅತ್ತಿಗೆಯ ಹೊಸ ಕೊಡೆಯ ಕಡ್ಡಿಯಿಂದ ಮಾಡಿದರು. ಆ ವಿಷಯ ಅತ್ತಿಗೆಗೆ ಗೊತ್ತಾದದ್ದು ಮೊದಲ ಮಳೆಗೆ.

ಆದರೆ ತಂತಿ ಉಜ್ಜಿ ಉಜ್ಜಿ ಕೈಯ ಮೇಲಿನ ಪಟ್ಟಿ ಒಂದೇ ಕಡೆ ಸವೆದು ತುಂಡಾಗುತ್ತಿತ್ತು. ನಿಜದ ತಂತಿ ಹೇಗೆ ಹೋಗ್ತದೆ ನೋಡಿ ಬರುವ ಅಂತ ನನ್ನನ್ನು ಕಾಸರಗೋಡು ಸ್ಟೇಷನ್ನಿಗೆ ಎಳೆದುಕೊಂಡು ಹೋದರು. ಪ್ಲಾಟ್‌ಫಾರ್ಮಿನ ನಡುವೆ ನಿಂತು ಇಬ್ಬರೂ ಕತ್ತು ಎತ್ತಿದೆವು. ಪಕ್ಕದಲ್ಲಿದ್ದವನೂ ಎತ್ತಿದ. ಐದು ನಿಮಿಷದಲ್ಲಿ ಇಪ್ಪತ್ತು ಜನ ಆಕಾಶ ನೋಡುತ್ತಿದ್ದರು.

"ಎಂತ ಉಂಟು ಮೇಲೆ?" ಒಬ್ಬರು ಕೇಳಿದರು.

"ನನಗೆ ಕಾಣುದಿಲ್ಲ, ಆದರೆ ಉಂಟು" ಅಂದರು ಇನ್ನೊಬ್ಬರು.

ಅಷ್ಟರಲ್ಲಿ ಪೈಲಟಣ್ಣ ನನ್ನ ಹೆಗಲಿಗೆ ಬಡಿದರು. "ಕಂಡಿತು ಮಾರಾಯ! ತಂತಿ ನೆಟ್ಟಗೆ ಹೋಗುದಿಲ್ಲ. ಒಂದು ಕಂಬದಲ್ಲಿ ಬಲಕ್ಕೆ, ಮುಂದಿನದ್ದರಲ್ಲಿ ಎಡಕ್ಕೆ. ಹಾಗಾಗಿ ಪಟ್ಟಿ ಎಲ್ಲಾ ಕಡೆ ಒಂದೇ ಸಮ ಸವೆಯುದು. ತರಬೇತಿಯಲ್ಲಿ ಹೇಳಿದ್ದರು, ಪರೀಕ್ಷೆಯಲ್ಲಿ ಬರೆದದ್ದೂ ಉಂಟು. ಅರ್ಥ ಆದದ್ದು ಈಗ!"

ಅವರ ಕಣ್ಣಿನ ಹೊಳಪು ನೋಡಿ ನನಗೂ ಖುಷಿಯಾಯಿತು. ನಾವು ಹೊರಗೆ ಬಂದೆವು. ಮೇಲೆ ನೋಡುತ್ತಿದ್ದವರಲ್ಲಿ ಮೂವರಿಗೆ ಎದುರು ಪ್ಲಾಟ್‌ಫಾರ್ಮಿನಿಂದ ತಮ್ಮ ರೈಲು ಹೋದದ್ದು ಗೊತ್ತೇ ಆಗಲಿಲ್ಲವಂತೆ.

ನಾಲ್ಕು: ಮೀಂಜದಲ್ಲಿ ನಿಂತ ರೈಲು

ಮೀಂಜದ ಕಡೆಯ ಒಂದು ಶಾಲೆಯ ವಿಜ್ಞಾನ ಮೇಳಕ್ಕೆ ಕರೆ ಬಂತು. ಎಲೆಕ್ಟ್ರಿಕ್ ಎಂಜಿನು ಮೊದಲ ಸಲ ಆರು ಬೋಗಿ ಎಳೆಯಬೇಕು, ಹ್ಯಾಂಡಲ್ ಪೈಲಟಣ್ಣನ ಕೈಯಲ್ಲಿ. ಅಲ್ಲಿಯವರೆಗೆ ಮನೆಯಲ್ಲಿ ಬರೀ ಎಂಜಿನನ್ನು ಓಡಿಸಿದ್ದು ಬಿಟ್ಟರೆ ಬೋಗಿ ಕಟ್ಟಿರಲಿಲ್ಲ. ಮೊದಲ ಡ್ಯೂಟಿ ಅಂದರೆ ಡ್ಯೂಟಿಯ ಹಾಗೇ ಆಗಬೇಕು ಅಂತ. ಅಂದು ಹಳೇ ಯೂನಿಫಾರ್ಮನ್ನು ಇಸ್ತ್ರಿ ಹಾಕಿ ತೊಟ್ಟು ಬಂದಿದ್ದರು. ಹೊಟ್ಟೆಯ ಹತ್ತಿರ ಅಂಗಿಯ ಒಂದು ಗುಂಡಿ ಹಾಕಲು ಆಗಲಿಲ್ಲ, ಅಷ್ಟೇ.

ಹಳಿಯ ಸುತ್ತ ಮಕ್ಕಳು. ಎದುರಿಗೆ ಹೆಡ್‌ಮಾಸ್ಟರು, ಶಿಕ್ಷಣಾಧಿಕಾರಿ ಮೇಡಂ. ನಾನು ಹಸಿರು ಬಾವುಟ ಬೀಸಿದೆ. ಪೈಲಟಣ್ಣ ಹ್ಯಾಂಡಲಿಗೆ ಕೈ ಇಟ್ಟರು. ಎಂಜಿನು ಒಂದು ಮೊಳ ಹೋಗಿರಲಿಕ್ಕಿಲ್ಲ, ಕರೆಂಟು ಹೋಯಿತು.

ನನಗೆ ಅಳುವೇ ಬಂತು. ಪೈಲಟಣ್ಣ ಮಾತ್ರ ಮಕ್ಕಳ ಕಡೆ ತಿರುಗಿ, "ನೋಡಿ, ತಂತಿಯಲ್ಲಿ ಕರೆಂಟು ಇಲ್ಲದಿದ್ದರೆ ರೈಲ್ವೆಯವರು ಸಹಾಯಕ್ಕೆ ಡೀಸೆಲ್ ಎಂಜಿನ್ ಕರೆಸ್ತಾರೆ" ಅಂದರು. ಕಾಗದ ತೆಗೆದು, ಗಂಟೆ ಬರೆದು, ಸಹಿ ಹಾಕಿ ನನ್ನ ಕೈಗೆ ಕೊಟ್ಟರು. "ಮಧೂರಿಗೆ ಹೋಗಿ ಆ ಬ್ಯಾಟರಿಯ ಹೊಸ ಡೀಸೆಲ್ ತಕೊಂಡು ಬಾ."

ನಾನು ಸ್ಕೂಟರ್ ಸ್ಟಾರ್ಟ್ ಮಾಡಿದ್ದೇ, ಫ್ಯಾನುಗಳು ತಿರುಗಿದವು! ಮಕ್ಕಳು ಹೋ ಅಂತ ಕೂಗಿದರು. ನಾನು ಒಳಗೆ ಓಡಿದೆ.

"ಅಣ್ಣ, ಕರೆಂಟು ಬಂತು! ಬಿಡಿ ರೈಲು!"

ಅವರು ಹ್ಯಾಂಡಲಿನಿಂದ ಕೈ ತೆಗೆದು ಕಟ್ಟಿಕೊಂಡು ಕೂತಿದ್ದರು. "ನೀನು ಇನ್ನೂ ಹೊರಟಿಲ್ವಾ?"

"ಬೇಡವಲ್ಲ ಈಗ?"

"ಸಹಾಯ ಬೇಕು ಅಂತ ಬರೆದು ಕೊಟ್ಟ ಮೇಲೆ ಸಹಾಯದ ಎಂಜಿನ್ ಬಂದು ಮುಟ್ಟುವವರೆಗೆ ರೈಲು ಒಂದಿಂಚು ಕದಲಬಾರದು. ಅದು ಇದೇ ಹಳಿಯಲ್ಲಿ ಬರ್ತಾ ಇರ್ತದೆ. ಇದು ಹೊರಟರೆ ಎರಡೂ ಮುಖಾಮುಖಿ. ಜನ ಸಾಯ್ತಾರೆ ಮಾರಾಯ."

"ಡೀಸೆಲ್ ನಿಮ್ಮ ಮನೆಯ ಕಪಾಟಿನಲ್ಲಿ ಉಂಟು ಅಣ್ಣ!"

"ಅದು ಆರ್ಡರ್ ಕೊಡುವಾಗ ನನಗೂ ಗೊತ್ತಿತ್ತು."

ಹೆಡ್‌ಮಾಸ್ಟರು ಕೈ ಮುಗಿದರು. ಮೇಡಂ ವಾಚು ನೋಡಿದರು. ಊಹೂಂ. ಇಷ್ಟು ವರ್ಷ ಕಾದ ಹ್ಯಾಂಡಲ್ ಎದುರಿಗಿದೆ, ಕರೆಂಟೂ ಉಂಟು, ಆ ಮನುಷ್ಯ ಮುಟ್ಟಲಿಲ್ಲ. ನನಗೆ ಸಿಟ್ಟೂ ಬಂತು, ಕಾಲಿಗೆ ಬೀಳುವ ಅಂತಲೂ ಅನಿಸಿತು.

ಹೊಸಂಗಡಿ ದಾರಿಯಾಗಿ ಹೋಗಿ ಬರುವಾಗ ಎರಡೂವರೆ ಗಂಟೆ ಆಯಿತು. ಎಲ್ಲರೂ ಹೋಗಿರುತ್ತಾರೆ ಅಂದುಕೊಂಡಿದ್ದೆ. ನೋಡಿದರೆ ಒಂದು ಮಗುವೂ ಕದಲಿಲ್ಲ. ಹಳಿಯ ಸುತ್ತ ಕೂತು ಊಟ ಮಾಡಿದ್ದಾರೆ. ಮೇಡಂ ಕೂಡ ಮಕ್ಕಳ ಬೆಂಚಿನಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು.

ಪೈಲಟಣ್ಣ ಡೀಸೆಲನ್ನು ಹಳಿಗೆ ಇಟ್ಟು, ತಂದು ಮುಟ್ಟಿಸಿ, ಕೊಂಡಿ ಹಾಕಿದರು. ಆಮೇಲೆ ಕೊಂಡಿ ಬಿಡಿಸಿ ಅದನ್ನು ಬದಿಗಿಟ್ಟರು. "ಸಹಾಯ ಬಂದಾಯ್ತು. ಈಗ ನಾನು ಹೊರಡಬಹುದು."

ಹ್ಯಾಂಡಲ್ ತಿರುಗಿಸಿದರು. ಹೊಗೆ ಇಲ್ಲ, ಗಲಾಟೆ ಇಲ್ಲ. ಆರು ಬೋಗಿ ಎಳೆದುಕೊಂಡು ಎಲೆಕ್ಟ್ರಿಕ್ ಎಂಜಿನು ನೀರಿನ ಹಾಗೆ ಹರಿದು ಹೋಯಿತು. ಮಕ್ಕಳ ಚಪ್ಪಾಳೆಗೆ ಶಾಲೆಯ ಹಂಚು ಅದುರಿತು. ಸುತ್ತು ಮುಗಿದು ರೈಲು ನಿಂತಾಗ ಪೈಲಟಣ್ಣನ ಕನ್ನಡಕ ಮಂಜಾಗಿತ್ತು.

"ಹೇಗಾಯ್ತು ಅಣ್ಣ?" ಕೇಳಿದೆ.

ಕನ್ನಡಕ ಒರೆಸಿ, ವಾಚು ನೋಡಿ, "ಎರಡು ಗಂಟೆ ನಲವತ್ತು ನಿಮಿಷ ಲೇಟು. ಕಾರಣ ಬರೆಯಬೇಕು" ಅಂದು ಪೆನ್ನು ತೆಗೆದರು. ಡೀಸೆಲನ್ನು ಎತ್ತಿ ಬೆಳಕಿಗೆ ಹಿಡಿದು, ಅದರ ಮೈಮೇಲಿದ್ದ ಎಣ್ಣೆಯ ಬೆರಳಚ್ಚು ನೋಡಿದರು, ಮೂಸಿದರು. ಆಮೇಲೆ ಬರೆದದ್ದು ಇಷ್ಟು:

"ಕರೆಂಟು ಇಲ್ಲದೆ ನಾಲ್ಕು ನಿಮಿಷ. ಉಳಿದದ್ದು, ಸಹಾಯದ ಎಂಜಿನ್ ತಂದವನು ಹೊಸಂಗಡಿಯಲ್ಲಿ ಗೋಳಿಬಜೆ ತಿಂದದ್ದು."