ಭಾವನವರ ಊಟದ ಕಾನೂನು

ನಮ್ಮ ಭಾವನವರಷ್ಟು ಶಿಸ್ತಿನ ಮನುಷ್ಯ ದೊಡ್ಡನೆಕ್ಕುಂದಿಯಲ್ಲಿ ಇನ್ನೊಬ್ಬರಿಲ್ಲ. ತೊಂದರೆ ಒಂದೇ: ಆ ಶಿಸ್ತು ನಡೆಯುವ ಹೊತ್ತಿಗೆ ಅವರು ಮನೆಯಲ್ಲಿರುವುದಿಲ್ಲ.

ಹಾವೇರಿ ಕಡೆಯವರು. ಮುಂಜಾನೆ ಹಣೆತುಂಬ ವಿಭೂತಿ ಹಚ್ಚಿಕೊಂಡು ಎಲೆಕ್ಟ್ರಾನಿಕ್ ಸಿಟಿಯ ಆಫೀಸಿಗೆ ಹೊರಟರೆ, ಮರಳಿ ಬರುವುದು ಯಾವಾಗ ಎಂದು ಅವರಿಗೇ ಗೊತ್ತಿರುವುದಿಲ್ಲ. ಅವರು ಬೆಳೆದ ಮನೆಯಲ್ಲಿ ಹದಿನಾಲ್ಕು ಮಂದಿ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರಂತೆ. ಹಾಗಾಗಿ ಅವರು, ಅಕ್ಕ, ಮಗಳು ಎಂದು ಮೂರೇ ಮಂದಿಯ ಈ ಫ್ಲಾಟಿಗೂ ಕಾನೂನು ಬಂತು. ರಾತ್ರಿ ಎಂಟಕ್ಕೆ ಎಲ್ಲರೂ ಕೂಡಿ ಉಣ್ಣಬೇಕು. ಆ ಹೊತ್ತು ಫೋನುಗಳೆಲ್ಲ ಅಕ್ಕಿ ಡಬ್ಬಿಯೊಳಗೆ. ಅಕ್ಕಿ ಡಬ್ಬಿಯೇ ಯಾಕೆ ಎಂದು ಅಕ್ಕ ಕೇಳಿದ್ದಕ್ಕೆ, ಅದರ ಮುಚ್ಚಳ ಬಿಗಿ, ಸದ್ದು ಹೊರಗೆ ಬರುವುದಿಲ್ಲ ಎಂದರು. ಇಂಥ ನಿರ್ಧಾರಗಳಿಗೇ ಆಫೀಸಿನಲ್ಲಿ ಸಂಬಳ ಕೊಡುತ್ತಿರಬೇಕು!

ಮಾರತ್ತಹಳ್ಳಿಯ ಪಿಜಿ ಊಟಕ್ಕೆ ಬೇಸತ್ತು ನಾನು ಆಗಾಗ ಅಲ್ಲಿಗೆ ಹೋಗುತ್ತೇನೆ. ಕಳೆದ ತಿಂಗಳು ಒಂದು ಸಂಜೆ ಎಂಟಾದರೂ ಭಾವನವರ ಪತ್ತೆಯಿಲ್ಲ. ಅಷ್ಟರಲ್ಲಿ ಅಕ್ಕನಿಗೆ ಅವರ ವಿಡಿಯೋ ಕಾಲ್ ಬಂತು. ಕಂಪನಿ ಬಸ್ಸು ಔಟರ್ ರಿಂಗ್ ರೋಡಿನಲ್ಲಿ ನಿಂತು ಗಂಟೆಯಾಗಿತ್ತು. ಅವರ ತೊಡೆಯ ಮೇಲೆ, ಸಂಜೆಗೆಂದು ಅಕ್ಕ ಕಟ್ಟಿಕೊಟ್ಟಿದ್ದ ಟಿಫಿನ್ ಬಾಕ್ಸ್. ಅಲ್ಲಿಂದಲೇ ನಮ್ಮ ಜೊತೆ ಉಣ್ಣುತ್ತಾರಂತೆ. ಅಕ್ಕ ಫೋನನ್ನು ನೀರಿನ ಚೊಂಬಿಗೆ ಆನಿಸಿ ನಿಲ್ಲಿಸಿದಳು. ಬೆನ್ನು ನೆಟ್ಟಗೆ ಮಾಡು, ಪಲ್ಯ ಬಿಡಬೇಡ ಎಂದು ಬಸ್ಸಿನಿಂದ ಮಗಳಿಗೆ ಅಪ್ಪಣೆಗಳು ಶುರುವಾದವು.

ನಾಲ್ಕನೆಯ ತರಗತಿಯ ಆ ಹುಡುಗಿ ಶಾಂತವಾಗಿ ಕೇಳಿದಳು: "ಅಪ್ಪಾಜಿ, ಊಟದ ಹೊತ್ತಲ್ಲಿ ಫೋನ್ ಇರಬಾರ್ದು ಅಲ್ವಾ?"

"ಹೌದವಾ, ಇರಬಾರ್ದು."

ಸರಿ ಎಂದು ಎದ್ದಳು. ಅಪ್ಪನನ್ನು ಎತ್ತಿಕೊಂಡು ಹೋಗಿ ಅಕ್ಕಿ ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ ಬಂದು ಕೂತಳು. ಡಬ್ಬಿಯೊಳಗಿಂದ ಸ್ವಲ್ಪ ಹೊತ್ತು ಏನೋ ಗೊಣಗು ಕೇಳಿಸಿತು. ಮುಚ್ಚಳ ಅಂದುಕೊಂಡಷ್ಟು ಬಿಗಿಯಿರಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಭಾವ ಬಂದರು. ಬೈಯುತ್ತಾರೆ ಎಂದುಕೊಂಡೆವು, ಬೈಯುವಷ್ಟು ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ. ಶೂ ಬಿಚ್ಚಲು ಬಾಗಿದವರು ಹಾಗೇ ಗೋಡೆಗೆ ಒರಗಿ ಕೂತುಬಿಟ್ಟರು. ಅಕ್ಕ ಟಿಫಿನ್ ಬಾಕ್ಸ್ ತೆರೆದು ನೋಡಿದರೆ ರೊಟ್ಟಿ ಹಾಗೆಯೇ ಇತ್ತು.

"ಒಬ್ಬಾಂವ ಕುಂತು ಹೆಂಗ ಉಣ್ಣಲಿ?" ಎಂದರು, ಕಣ್ಣು ಮುಚ್ಚಿಕೊಂಡೇ.

ಹುಡುಗಿ ಒಳಗೆ ಹೋಗಿ ಎರಡು ತಟ್ಟೆ ತಂದಳು. ಒಂದನ್ನು ಅಪ್ಪನ ಮುಂದಿಟ್ಟು, ಇನ್ನೊಂದನ್ನು ಹಿಡಿದು ಅವರ ಮೊಣಕಾಲಿಗೆ ಮೊಣಕಾಲು ತಾಗಿಸಿ ನೆಲದ ಮೇಲೆ ಕೂತಳು.

"ನಂಗೂ ಹಾಕಿ ಅಪ್ಪಾಜಿ. ಇನ್ನೂ ಹಸಿವಾಗ್ತಿದೆ."

ಸುಳ್ಳು. ಅವಳು ಹೊಟ್ಟೆತುಂಬ ಉಂಡದ್ದನ್ನು ನಾನೇ ಪಕ್ಕದಲ್ಲಿ ಕೂತು ನೋಡಿದ್ದೆ.